ಮಹನೀಯರಿಗೆ ಮೂಗು ಕೂರಿಸುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರೋಮ್ ನಗರದ ಗುಡ್ಡದ ಮೇಲಿನ ಉದ್ಯಾನದಲ್ಲಿ ನೆರೀನಾ ಬಾರ್ತೊಕ್ಕಿ ಏಣಿಯ ಮೇಲೆ ನಿಂತು, ಅಮೃತಶಿಲೆಯ ಹೆಂಗಸೊಬ್ಬಳ ಕೆನ್ನೆಗೆ ಅಂಗೈ ಕೊಟ್ಟಿದ್ದಾರೆ. ಇನ್ನೊಂದು ಕೈಯಲ್ಲಿ ಸಣ್ಣ ಸುತ್ತಿಗೆ. ಎತ್ತುತ್ತಾರೆ, ಇಳಿಸುತ್ತಾರೆ. ಕಾಲುದಾರಿಯ ಕಡೆ ತಿರುಗಿ ನೋಡುತ್ತಾರೆ. ಮತ್ತೆ ಎತ್ತುತ್ತಾರೆ.

ಇಲ್ಲಿನ ದಾರಿಗಳ ಇಕ್ಕೆಲದಲ್ಲೂ ಇಟಲಿಯ ಹೆಸರಾಂತರು ಎತ್ತರದ ಕಂಬಗಳ ಮೇಲೆ ತಲೆಯಿಂದ ಎದೆವರೆಗಿನ ಕಲ್ಲುಮೂರ್ತಿಗಳಾಗಿ ನಿಂತಿದ್ದಾರೆ. ಕವಿಗಳು, ದಂಡನಾಯಕರು, ವೈದ್ಯರು, ಸಂಗೀತಗಾರರು, ಎಲ್ಲ ಕಾಲದವರೂ. ಹೆಂಗಸರು ಬೆರಳೆಣಿಕೆಯಷ್ಟು. ಫುಟ್‌ಬಾಲ್‌ನಲ್ಲಿ ತಮ್ಮ ತಂಡ ಗೆದ್ದರೂ ಪುಂಡರು ಇವರ ಮೂಗು ಮುರಿಯುತ್ತಾರೆ, ಸೋತರೂ ಮುರಿಯುತ್ತಾರೆ. ಅದನ್ನು ಮತ್ತೆ ಕೂರಿಸುವುದು ನೆರೀನಾ ಅವರ ಕೆಲಸ. ವಾರಕ್ಕೆ ಮೂರೋ ನಾಲ್ಕೋ ಮೂಗು. ದೊಡ್ಡ ಪಂದ್ಯ ಮುಗಿದ ವಾರ ಹತ್ತಕ್ಕೂ ಮೇಲೆ. ಕಲ್ಲಿನ ಪುಡಿ, ಸುಣ್ಣ, ಒಳಗೊಂದು ತುಕ್ಕು ಹಿಡಿಯದ ಕಡ್ಡಿ. ಕಲಸುವ ನೀರು ಬೀದಿ ನಲ್ಲಿಯದು.

ಸುಣ್ಣ ತಿಂದ ಬೆರಳುಗಳಲ್ಲಿ ಚಳಿಗಾಲದಲ್ಲಿ ರಕ್ತ ಒಸರುತ್ತದೆ. ಬಲಭುಜ ಮೊದಲಿನಂತೆ ಮೇಲೇಳುವುದಿಲ್ಲ. "ಕಿವಿ ಹೋದ್ರೆ ಕೂದಲು ಇಳಿಬಿಟ್ಟು ಮುಚ್ಚಬಹುದು. ಮೂಗು ಬದಲಾದ್ರೆ ಮನುಷ್ಯನೇ ಬದಲಾಗ್ತಾನೆ," ಎನ್ನುತ್ತಾರೆ.

ಚಿತ್ರ ಸಿಗದ ಮುಖಕ್ಕೆ ಗುರುತಿನವರ ಮೂಗನ್ನೇ ನೋಡಿ ಮಾಡುವುದು ಈ ಕಸುಬಿನವರ ವಾಡಿಕೆ. ನೆರೀನಾ ನಗುತ್ತಾರೆ: "ನಮ್ಮಪ್ಪ ಕಾರ್ಡಿನಲ್ ಅನ್ನೋ ಹಿರಿಯ ಪಾದ್ರಿಯೊಬ್ಬನಿಗೆ ನಮ್ಮ ಬೀದಿ ಕಟುಕನ ಮೂಗು ಇಟ್ಟಿದ್ದ. ಕಟುಕ ಆ ವರ್ಷವೆಲ್ಲ ಸಾರಿಗೆ ಮೂಳೆ ಬಿಟ್ಟಿ ಕೊಟ್ಟ!"

ಇಂದಿನ ಸಂಕಟವೂ ಅದೇ ವಾಡಿಕೆಯದು. ಈ ಕಲ್ಲಿನ ಹೆಂಗಸು ತೆಯೊಡೊರಾ ಮಲ್ವೆಟ್ಟಿ, ಹಳೆಯ ಕಾಲದಲ್ಲಿ ನಕ್ಷತ್ರಗಳ ಚಲನೆ ಗುರುತಿಸಿದಾಕೆ. ಅವಳ ಚಿತ್ರ ಎಲ್ಲೂ ಇಲ್ಲವೆಂದು ನಂಬಿ, ಆರು ವರ್ಷದ ಹಿಂದೆ ನೆರೀನಾ ತಮ್ಮ ತಾಯಿ ಎರ್ಸೀಲಿಯಾ ಅವರ ನೀಳ ಮೂಗನ್ನು ಕೂರಿಸಿದರು. ಅಂದಿನಿಂದ ಪ್ರತಿ ಭಾನುವಾರ ಆ ಮುದುಕಿ ಇಸ್ಪೀಟಿನ ಗೆಳತಿಯರನ್ನು ಕಟ್ಟಿಕೊಂಡು ಬಂದು, ಎದುರಿನ ಬೆಂಚಿನಲ್ಲಿ ಕೂತು ಕಲ್ಲಿನ ಮುಖದಲ್ಲಿರುವ ತಮ್ಮ ಮೂಗು ತೋರಿಸುತ್ತಾರೆ.

ಕಳೆದ ತಿಂಗಳು ಪಾದುವಾದಲ್ಲಿ ನೆಂಟರ ಮದುವೆ. ಇಗರ್ಜಿಯ ಪಕ್ಕದ ಕೋಣೆಯಲ್ಲಿ ಹೊಗೆ ಹಿಡಿದ ಒಂದು ವರ್ಣಚಿತ್ರ, ಕೆಳಗೆ ತೆಯೊಡೊರಾ ಮಲ್ವೆಟ್ಟಿ ಎಂಬ ಹೆಸರು. ಮೂಗು ನಡುವಿನಲ್ಲಿ ಉಬ್ಬಿ ಎಡಕ್ಕೆ ವಾಲಿತ್ತು. ಆಮೇಲೆ ನೆರೀನಾಗೆ ಊಟ ಸೇರಿಲ್ಲ. ಬದಲಿಸು ಎಂದು ಯಾರೂ ಕೇಳಿಲ್ಲ. ಅಮ್ಮನಿಗೆ ಹೇಳಲು ಬಾಯಿ ಬಂದಿಲ್ಲ. "ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ. ಅದೇ ನೋಡಿ ಕಷ್ಟ."

ಇವತ್ತು ಭಾನುವಾರ. ಸುತ್ತಿಗೆ ಕೊನೆಗೂ ಬೀಳುತ್ತದೆ. ಕಳಚಿ ಬಂದ ಮೂಗನ್ನು ಏಪ್ರನ್ ಜೇಬಿಗೆ ಹಾಕಿ, ನೆರೀನಾ ಚಿತ್ರದಂತೆ ಮಾಡಿಟ್ಟಿದ್ದ ಹೊಸದನ್ನು ಕೂರಿಸಿ ಒತ್ತಿ ಹಿಡಿಯುತ್ತಾರೆ. ಸುಣ್ಣ ಇನ್ನೂ ಹಸಿ. ಅಷ್ಟರಲ್ಲಿ ಕಾಲುದಾರಿಯಲ್ಲಿ ಊರುಗೋಲಿನ ಸದ್ದು. ಇಗರ್ಜಿಯ ಪೂಜೆ ಮುಗಿದ ಮೇಲೆ ಬರಬೇಕಾದ ಎರ್ಸೀಲಿಯಾ ಕೆನೆ ತುಂಬಿದ ಬನ್ನಿನ ಪೊಟ್ಟಣ ಹಿಡಿದು ಈಗಲೇ ಬಂದಿದ್ದಾರೆ.

"ತಿಂಗಳಿಂದ ಉಣ್ತಿಲ್ಲ, ನನ್ನ ಮುಖ ನೋಡ್ತಿಲ್ಲ. ಏನೋ ಮುಚ್ಚಿಡ್ತಿದ್ದೀಯ ಅಂತ ಬಂದೆ. ಇದ್ಯಾರ ಮೂಗೇ?"

"ಅವಳದ್ದೇ ಅಮ್ಮಾ. ಚಿತ್ರ ಸಿಕ್ತು."

"ಮತ್ತೆ ನಂದು?"

ನೆರೀನಾ ಜೇಬಿನಿಂದ ತೆಗೆದು ಕೊಡುತ್ತಾರೆ. ಎರ್ಸೀಲಿಯಾ ಅದನ್ನು ಮುಷ್ಟಿಯಲ್ಲಿ ಹಿಡಿದು, ಕಲ್ಲಿನ ಹೆಂಗಸನ್ನು ಆ ಕಡೆಯಿಂದ, ಈ ಕಡೆಯಿಂದ ದಿಟ್ಟಿಸುತ್ತಾರೆ.

"ಸೊಟ್ಟ. ಇಷ್ಟು ಸೊಟ್ಟ ಮೂಗು ಹೊತ್ಕೊಂಡು ಗಂಡಸರ ಮಧ್ಯೆ ಕೂತು ಆಕಾಶ ಲೆಕ್ಕ ಹಾಕಿದ್ಳಾ?"

"ಹೂಂ ಅಮ್ಮಾ."

"ಗಟ್ಟಿಗಿತ್ತಿ." ಬೆಂಚಿನಲ್ಲಿ ಎಂದಿನ ಜಾಗದಲ್ಲೇ ಕೂರುತ್ತಾರೆ. "ನನ್ನ ಜೊತೆ ಇಸ್ಪೀಟಾಡೋ ಆ ಜೆಲ್ಸೊಮೀನಾ ಕೈಯಲ್ಲಿ ನನ್ನ ನಗೆಪಾಟಲು ಮಾಡಿದೆ ನೀನು. ಇರ್ಲಿ ಬಿಡು. ಆರು ವರ್ಷ ಎರವಲು ಕೊಟ್ಟಿದ್ದೆ, ಈಗ ವಾಪಸ್ ಇಸ್ಕೊಂಡೆ ಅಂತೀನಿ. ಇಳಿ ಕೆಳಗೆ, ಬನ್ ತಿನ್ನು."

ನೆರೀನಾ ಇಳಿಯುತ್ತಾರೆ, ಒಂದು ತುತ್ತು ತಿಂದು ಮತ್ತೆ ಹತ್ತುತ್ತಾರೆ. ಉಬ್ಬಿನ ಮೇಲೆ ಒದ್ದೆ ಬಟ್ಟೆ ಒತ್ತುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ, ಬಟ್ಟೆಯಿಂದ ಕೈ ತೆಗೆಯದೆಯೇ ಹೇಳುತ್ತಾರೆ:

"ಮುಂದಿನ ಭಾನುವಾರ ನಮ್ಮೂರಿನ ಎರಡೂ ತಂಡಗಳ ಪಂದ್ಯ. ಅಲ್ಲಿವರೆಗಾದ್ರೂ ಇವಳು ಇವಳಾಗೇ ಇರ್ಲಿ."