ಈ ನೀರಿನ ಮೀನು

ಹುರಿದ ಮೀನಿನ ತುಂಡಿಟ್ಟು ನಾನು ಕೊಟ್ಟ ಮುತ್ತುಗದ ಎಲೆಯನ್ನು ಗುರುತಿಲ್ಲದ ಅಜ್ಜಿಯೊಬ್ಬಳು ಹಾಗೆಯೇ ನನ್ನ ಕೈಗೆ ವಾಪಸ್ ಇಟ್ಟಳು. "ಈ ನೀರಿನ ಮೀನು ನಾವು ತಿನ್ನಂಗಿಲ್ರಿ. ನಿಮ್ಮ ಗಾಳ ಒಂದೀಟು ಎತ್ಕೊಂಡ್ರ ಎಡಿ ಬಿಟ್ಟು ಹೋಗ್ತೀನಿ" ಅಂದಳು.

ಅದು ಎಪ್ಪತ್ತರ ದಶಕದ ಕೊನೆ. ವರ್ಗವಾಗಿದ್ದ ನಮ್ಮ ಹೆಡ್ ಕ್ಲರ್ಕಿಗೆ ಬೀಳ್ಕೊಡುಗೆಯೆಂದು, ಮಹಾಲಯ ಅಮಾವಾಸ್ಯೆಯ ರಜೆಯಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರಾ ಹಿನ್ನೀರಿನ ದಂಡೆಗೆ ಹೋಗಿದ್ದೆವು. ಗಾಳ ಹಾಕಿ ಹಿಡಿದದ್ದನ್ನು ಅಲ್ಲೇ ಹುರಿಯುತ್ತಿದ್ದೆವು. ಬುಟ್ಟಿ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದ ಆಕೆ ಊಟಕ್ಕೆ ಕಾದಿದ್ದಾಳೆಂದೇ ತಿಳಿದಿದ್ದೆವು.

ಗಾಳ ಎತ್ತಿದೆವು. ಡ್ಯಾಮಿನ ನೀರಲ್ಲಿ ಮುಳುಗಿದ ತನ್ನೂರು ಅದೇ ತಳದಲ್ಲಿದೆಯೆಂದೂ, ಎಳೆಯ ಮಗಳನ್ನು ಹೂಳಿದ ಸುಡುಗಾಡೂ ಅದರ ಜೊತೆ ಹೋಯಿತೆಂದೂ ಆಕೆ ಹೇಳಿದಳು. ಹಿಂದೆಲ್ಲ ಸಮಾಧಿಗೆ ಇಡುತ್ತಿದ್ದ ಎಡೆಯನ್ನು ಆ ಊರವರು ಈಗ ನೀರಿಗೆ ಬಿಡುತ್ತಾರಂತೆ. ಮೊಣಕಾಲುದ್ದ ನೀರಿಗಿಳಿದು ಕಡುಬು, ಅನ್ನ, ಪುಟ್ಟ ಹಸಿರು ಬಳೆ ಬಿಟ್ಟಳು. ನೋಡುತ್ತಿದ್ದಂತೆ ಮೀನುಗಳು ಮುತ್ತಿ ಕಡುಬನ್ನು ಕಿತ್ತು ತಿಂದವು. ಕಡುಬು ಮುಗಿಯುವವರೆಗೆ ನಿಂತಿದ್ದು, "ಉಂಡ್ಳು" ಅಂದಳು. ನಮಗಲ್ಲ, ತನಗೆ ತಾನೇ.

ಹೆಡ್ ಕ್ಲರ್ಕ್ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗಿದರು. ಬಾಣಲೆಯಲ್ಲಿದ್ದ ಮೀನನ್ನು ಯಾರೂ ಮಗುಚಲಿಲ್ಲ, ಅದು ಅಲ್ಲೇ ಕರಟಿತು.

ಈಗಲೂ ಸಂತೆಯಲ್ಲಿ ಮೀನು ಕೊಳ್ಳುವಾಗ ಯಾವ ನೀರಿನದು ಅಂತ ಕೇಳುತ್ತೇನೆ. "ಹಿನ್ನೀರಿಂದ್ರಿ, ಚಲೋ ಮೇದು ಕೊಬ್ಬೈತಿ" ಎನ್ನುತ್ತಾರೆ.