ನೀಲದಲ್ಲಿ ಎಳೆ ಹುಡುಕುವ ಅಮೀರ್ ಬೀ

ಶನಿವಾರ, ಈಗಷ್ಟೇ ಬೆಳಕು ಹರಿಯುತ್ತಿದೆ. ರಾಯಚೂರಿನ ಸರಾಫ್ ಬಜಾರದಲ್ಲಿ ಒಂದು ಅಂಗಡಿಯೂ ಬಾಗಿಲು ತೆರೆದಿಲ್ಲ. ಹಿಂದಿನ ಗಲ್ಲಿಯಲ್ಲಿ, ಉತ್ತರಕ್ಕೆ ಮುಖ ಮಾಡಿದ ಮನೆಯ ಕಟ್ಟೆಯ ಮೇಲೆ ಅಮೀರ್ ಬೀ ಆಗಲೇ ಕೂತಿದ್ದಾರೆ. ಮುಂದೆ ಬಿಳಿ ಪಿಂಗಾಣಿ ಬಶಿ, ಬಶಿಯಲ್ಲಿ ನೀರು, ನೀರಿನಲ್ಲಿ ತೊಗರಿಕಾಳಿನ ಗಾತ್ರದ ಎರಡು ನೀಲದ ಹರಳು. ಬಲಗಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ. ಬಿಸಿಲು ಕಟ್ಟೆ ಮುಟ್ಟುವ ಮೊದಲಿನ ಒಂದೆರಡು ತಾಸೇ ಅವರ ಕೆಲಸದ ಹೊತ್ತು. ಒಳಗಿನ ಟ್ಯೂಬ್‌ಲೈಟಿನಲ್ಲಿ ನೋಡಬಾರದೇ ಎಂದು ಕೇಳಿ ನಾನು ಬೈಸಿಕೊಂಡೆ.

“ಆ ಬೆಳಕಿನಾಗ ಗಾಜಿನ ಚೂರೂ ನೀಲ ಆಗ್ತದ. ಪೇಪರಿನವರು ನೀವು, ಇಷ್ಟೂ ತಿಳಿಯಂಗಿಲ್ಲೇನ್ರಿ?”

ಎದುರಿಗೆ ಕೂತವರು ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕ ವಿರೂಪಣ್ಣ. ಶನಿಯ ಸಾಡೇಸಾತಿ ಶುರುವಾಗಿದೆ, ನೀಲ ಧರಿಸಿ ಎಂದು ಜೋಯಿಸರು ಹೇಳಿದ್ದಾರೆ. ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ಹೆದರಿಕೆ ನಮ್ಮ ಕಡೆ ಇದ್ದದ್ದೇ. ಅದಕ್ಕೇ ಕೊಳ್ಳುವ ಮುನ್ನ ಹರಳನ್ನು ನೀಲಿ ಬಟ್ಟೆಯಲ್ಲಿ ಕಟ್ಟಿ, ಮೂರು ದಿನ ದಿಂಬಿನ ಕೆಳಗಿಟ್ಟು ಮಲಗುವ ರೂಢಿ. ವ್ಯಾಪಾರಿ ಎರಡು ಹರಳು ಕೊಟ್ಟು ಕಳಿಸಿದ್ದ. ವಿರೂಪಣ್ಣ ಎರಡನ್ನೂ ಹಾಗೇ ಪರೀಕ್ಷಿಸಿದ್ದಾರೆ. ಒಂದು ಕನ್ನಡಿಯಷ್ಟು ಸ್ವಚ್ಛ. ಅದನ್ನಿಟ್ಟು ಮಲಗಿದಾಗ ಕನಸಿನಲ್ಲಿ ತುಂಬಿದ ಕೆರೆ. ಇನ್ನೊಂದರೊಳಗೆ ಮಂಜು ಕವಿದಂತೆ ಸಣ್ಣ ಸಣ್ಣ ಎಳೆ. ಅದನ್ನಿಟ್ಟು ಮಲಗಿದಾಗ ಎಮ್ಮೆ ಅಟ್ಟಿಸಿಕೊಂಡು ಬಂತಂತೆ. ಇನ್ನೇನು ಬೇಕು!

“ಈ ಸ್ವಚ್ಛ ಅದನಲ್ಲ, ಇದು ಹಸಿ ಅದ ಅಂತ ಒಂದು ಮಾತು ಹೇಳಿಬಿಡು ಬೀಬಿ, ಗಾಡಿ ಹತ್ತತೀನಿ” ಎನ್ನುತ್ತಾರೆ ಅವರು.

ಅಮೀರ್ ಬೀ ಹೇಳುವುದು ಎರಡೇ ಮಾತು: ಹಸಿ, ಇಲ್ಲವೇ ಸುಟ್ಟದ್ದು. ಭೂಮಿಯಿಂದ ಬಂದ ಬಣ್ಣದಲ್ಲೇ ಇದ್ದರೆ ಹಸಿ. ಕುಲುಮೆಯಲ್ಲಿ ಕಾಯಿಸಿ ಬಣ್ಣ ಏರಿಸಿದ್ದರೆ ಸುಟ್ಟದ್ದು. ಯಾವುದೂ ಖಾತ್ರಿಯಾಗದಿದ್ದರೆ “ನನಗ ತಿಳಿಯವಲ್ದು, ಹೈದರಾಬಾದಿಗೆ ಒಯ್ರಿ” ಎಂದು ಕೈ ಮುಗಿಯುತ್ತಾರೆ. ಶನಿವಾರ ಎಂಟು ಹತ್ತು ಹರಳು ಬರುತ್ತವೆ, ಉಳಿದ ದಿನ ಒಂದೋ ಎರಡೋ. ಹತ್ತರಲ್ಲಿ ಆರೇಳು ಈಗೀಗ ಸುಟ್ಟವೇ. ಕೂಲಿ ಮಾತ್ರ ಬದಲಾಗುವುದಿಲ್ಲ. “ಹಸಿ ಅಂದ್ರೂ ಐದು ರೂಪಾಯಿ, ಸುಟ್ಟದ್ದು ಅಂದ್ರೂ ಐದು. ಅಂದ್ರ ನನ್ನ ನಾಲಿಗಿ ಯಾ ಕಡಿನೂ ವಾಲಂಗಿಲ್ಲ.”

ಈ ಕಣ್ಣು ಅವರಿಗೆ ಸಿಕ್ಕಿದ್ದು ಹರಳಿನಿಂದಲ್ಲ, ಹತ್ತಿಯಿಂದ. ಹದಿನಾಲ್ಕನೇ ವಯಸ್ಸಿಗೇ ಇಲ್ಲಿಯ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಆರಿಸಲು ಹೋದವರು ಅವರು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು, ಎಳೆ ಎಷ್ಟುದ್ದ, ಎಲ್ಲಿ ತುಂಡಾಗುತ್ತದೆ ಎಂದು ನೋಡುವುದು ಅಲ್ಲಿಯ ಕೆಲಸ. ಗಂಡ ಮೀರಾಹುಸೇನ ಒಡವೆಗೆ ಹರಳು ಕೂಡಿಸುವವರು. ಎಪ್ಪತ್ತೆರಡನೇ ಇಸವಿಯಲ್ಲಿ ಅವರ ಕಣ್ಣು ಪೂರಾ ಮಂಜಾದವು. ಆಗ ಹೆಂಡತಿ ಹರಳು ನೋಡಿ ಕಂಡದ್ದನ್ನು ಹೇಳುವುದು, ಗಂಡ ಗಿರಾಕಿಗೆ ತೀರ್ಪು ಕೊಡುವುದು ಎಂದಾಯಿತು. “ಎರಡು ವರ್ಷ ಇಕಿ ಹೇಳಿದ್ದನ್ನ ನಾ ಹೇಳ್ದೆ, ಹೆಸರು ನನಗ ಬಂತು” ಎಂದು ಒಳಗಿನಿಂದ ಮೀರಾಹುಸೇನ ನಗುತ್ತಾರೆ. ಆಮೇಲೆ ಜನಕ್ಕೂ ಗುಟ್ಟು ಗೊತ್ತಾಗಿ ನೇರ ಬೀಬಿಯನ್ನೇ ಕೇಳತೊಡಗಿದರು.

ಇಷ್ಟು ಹೊತ್ತಿಗೆ ವಿರೂಪಣ್ಣನವರಿಗೆ ತಾಳ್ಮೆ ತಪ್ಪಿದೆ. ಅಮೀರ್ ಬೀ ಭೂತಗನ್ನಡಿ ಇಳಿಸಿ, ಸ್ವಚ್ಛವಾದ ಹರಳನ್ನು ಅವರ ಕಡೆ ಸರಿಸುತ್ತಾರೆ.

“ಇದು ಸುಟ್ಟದ್ದು ಸಾವಕಾರ್ರ.”

“ಏ, ಸುಮ್ಕಿರು! ಎಳಿ ಇದ್ದದ್ದು ಬಿಟ್ಟು ಸ್ವಚ್ಛ ಇದ್ದದ್ದಕ್ಕ ಹೆಸರಿಡ್ತೀಯಲ್ಲ? ಎಳಿ ಇದ್ರ ಶನಿ ಎಳಕೊಂಡು ಹೋಗ್ತಾನ ಅಂತ ಊರಿಗೆಲ್ಲ ಗೊತ್ತದ. ಯಾರರೇ ಹೇಳಿಕೊಟ್ಟಾರೇನು ನಿನಗ?”

ಆ ಕೊನೆಯ ಮಾತು ಬೇರೆಯವರಿಗಾದರೆ ಚುಚ್ಚುತ್ತಿತ್ತು. ಅಮೀರ್ ಬೀ ಸಿಟ್ಟಾಗುವುದಿಲ್ಲ. ತಗಡಿನ ಡಬ್ಬಿಯಿಂದ ಒಂದು ಬೆಳ್ಳಿಯ ಉಂಗುರ ತೆಗೆಯುತ್ತಾರೆ, ಅದರಲ್ಲೂ ಚಂದದ ನೀಲಿ ಹರಳು. “ಇದು ನನ್ನ ತಪ್ಪು. ಮೊದಲ ಇದನ್ನ ನೋಡ್ರಿ, ಆಮ್ಯಾಲ ನನ್ನ ಬೈರಿ.”

ಉಂಗುರ ಗೋಪಮ್ಮನವರದು. ದೇವದುರ್ಗದ ಶಾಲೆಯ ಶಿಕ್ಷಕಿ, ಕೂಲಿಯವರ ಮನೆಯಲ್ಲಿ ಮೊದಲು ಸಂಬಳ ತಂದ ಮಗಳು. ಎಂಬತ್ತೊಂದನೇ ಇಸವಿಯಲ್ಲಿ ಹರಳು ಹಿಡಿದು ಈ ಕಟ್ಟೆಗೆ ಬಂದಿದ್ದರು. “ನನಗ ಶನಿ ಗಿನಿ ಗೊತ್ತಿಲ್ಲ. ನೀಲಿ ಅಂದ್ರ ನಮ್ಮ ಮನಿಯವರಿಗೆಲ್ಲ ಜೀವ. ಸುಳ್ಳು ಇರಬಾರದು, ಅಷ್ಟ” ಎಂದಿದ್ದರಂತೆ. ಊರಿನ ಮಾತನ್ನೇ ಆಗ ಅಮೀರ್ ಬೀ ಕೂಡ ನಂಬಿದ್ದರು. ಎಳೆ ಇಲ್ಲ, ಸ್ವಚ್ಛ ಇದೆ, ಹಸಿಯೇ ಎಂದುಬಿಟ್ಟರು.

ಮೂರು ವರ್ಷದ ಮೇಲೆ ಹೈದರಾಬಾದಿನ ಹಳೆಯ ಹರಳುಗಾರರೊಬ್ಬರು ಬಂದು, ಕಾಯಿಸಿದ ಹರಳು ಹೇಗಿರುತ್ತದೆಂದು ತೋರಿಸಿಕೊಟ್ಟರು. ಬೆಂಕಿಗೆ ಒಳಗಿನ ಎಳೆ ಕರಗಿ, ಅದಿದ್ದ ಜಾಗದಲ್ಲಿ ಚುಕ್ಕಿಗಳ ಸಾಲು ಉಳಿಯುತ್ತದೆ. “ಹತ್ತಿ ಎಳಿ ತುಂಡಾದ್ರ ಗೊತ್ತಾಗೂ ಕೈ ಇದು. ಹರಳಿನಾಗಿನ ಎಳಿ ತುಂಡಾದದ್ದು ಕಾಣಲಿಲ್ಲ. ಥೂ ನನ್ನ ಕಣ್ಣಿಗೆ ಅಂತ ಅತ್ತುಬಿಟ್ಟೆ.”

ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದರು. ಶಾಲೆಯ ಗೇಟಿನಲ್ಲೇ ನಿಂತು, ನಾ ಹೇಳಿದ್ದು ಸುಳ್ಳಾಯಿತು ಎಂದರು. ಕೈಯಲ್ಲಿದ್ದ ಬೆಳ್ಳಿ ಬಳೆ ಬಿಚ್ಚಿ ಕೊಡಲು ಹೋದರೆ ಗೋಪಮ್ಮ ಮುಟ್ಟಲಿಲ್ಲ. ಬದಲಿಗೆ ತಮ್ಮ ಉಂಗುರವನ್ನೇ ಬಿಚ್ಚಿ ಇವರ ಕೈಗಿಟ್ಟರು. “ನಾ ಮಕ್ಕಳಿಗೆ ಕಲಿಸ್ತೀನಿ, ಇದು ದೊಡ್ಡವರಿಗೆ ಕಲಿಸ್ಲಿ. ನಿಮ್ಮ ಹತ್ರ ಇರ್ಲಿ.”

ಸುದ್ದಿ ಬಜಾರಕ್ಕೆ ಮುಟ್ಟಿತು. ಆರು ತಿಂಗಳು ಕಟ್ಟೆ ಖಾಲಿ. ತಪ್ಪು ನೋಡಿದವಳ ಹತ್ತಿರ ಯಾರು ಬರುತ್ತಾರೆ? ಆದರೂ ಬಂದ ಒಬ್ಬಿಬ್ಬರಿಗೆ ಮೊದಲು ಈ ಉಂಗುರವನ್ನೇ ತೋರಿಸುತ್ತಿದ್ದರು. ತನ್ನ ತಪ್ಪನ್ನು ಡಬ್ಬಿಯಲ್ಲಿಟ್ಟು ತೋರಿಸುವ ಹೆಂಗಸು ನಮಗೆ ಸುಳ್ಳು ಹೇಳಿಯಾಳೇ ಎಂದು ಜನ ನಿಧಾನಕ್ಕೆ ತಿರುಗಿ ಬಂದರು. ಈಗ, ಎಂಬತ್ತಾರನೇ ಇಸವಿಯಲ್ಲಿ, ಮಾನ್ವಿ, ಕವಿತಾಳದಿಂದಲೂ ಬರುತ್ತಾರೆ. ಶಕ್ತಿನಗರದ ಎಂಜಿನಿಯರುಗಳು ಸ್ಕೂಟರಿನಲ್ಲಿ ಬರುತ್ತಾರೆ.

ವಿರೂಪಣ್ಣ ಭೂತಗನ್ನಡಿ ಇಸಿದುಕೊಂಡು ಉಂಗುರ ನೋಡುತ್ತಾರೆ. ಚುಕ್ಕಿ. ತಮ್ಮ ಸ್ವಚ್ಛ ಹರಳನ್ನು ನೋಡುತ್ತಾರೆ. ಅದರಲ್ಲೂ ಅಂಥವೇ ಚುಕ್ಕಿ. ಮಂಜಿನ ಹರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ: ಒಂದಕ್ಕೊಂದು ದಾಟಿದ, ಕೂದಲಿಗಿಂತ ಸಣ್ಣ, ಎಲ್ಲೂ ಮುರಿಯದ ಎಳೆಗಳು. ಭೂತಗನ್ನಡಿ ಮರಳಿ ಕೊಡುತ್ತಾರೆ.

“ಮತ್ತ ಆ ಎಮ್ಮಿ ಕನಸು?” ಎಂದು ಕೊನೆಗೆ ಮೆತ್ತಗೆ ಕೇಳುತ್ತಾರೆ.

“ಶನಿದೇವರ ಮಾತು ಪೂಜಾರಿನ ಕೇಳ್ರಿ, ಕನಸಿನ ಮಾತು ರಾತ್ರಿ ಏನುಂಡೀರಿ ಅಂತ ಮನಿಯಾಗ ಕೇಳ್ರಿ. ಹರಳಿನ ಮಾತು ಅಷ್ಟ ನನ್ನ ಕೇಳ್ರಿ!”

ಗಿರಣಿ ಮಾಲೀಕರು ಹೊಟ್ಟೆ ಕುಲುಕಿಸಿ ನಗುತ್ತಾರೆ. ಎಳೆಯಿದ್ದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಜೇಬಿಗಿಳಿಸುತ್ತಾರೆ, ಇನ್ನೊಂದನ್ನು ವ್ಯಾಪಾರಿಗೆ ಹಿಂತಿರುಗಿಸಲು ಬೇರೆ ಇಡುತ್ತಾರೆ. ಬಿಸಿಲು ಕಟ್ಟೆಗೆ ಬಂದಿದೆ. ಅಮೀರ್ ಬೀ ಬಶಿಯ ನೀರು ಚೆಲ್ಲಿ, ಉಂಗುರವನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕುತ್ತಾರೆ.

ಏಳುವ ಮುನ್ನ ನಾನು ಕೇಳುತ್ತೇನೆ, ನಿಮಗೇನಾದರೂ ಆಸೆ ಇದೆಯೇ ಎಂದು. ಬೋರ್ಡು, ಸನ್ಮಾನ, ಪೇಪರಿನಲ್ಲಿ ಫೋಟೊ, ಯಾವುದಕ್ಕೂ ಅವರು ಸೊಪ್ಪು ಹಾಕುವುದಿಲ್ಲ.

“ಒಂದ ಆಸಿ ಅದರೀ. ಸಾಸಿವಿ ಕಾಳಿನಷ್ಟ ಇರ್ಲಿ, ಒಂದು ಹಸಿ ನೀಲ ನಾನ ತಗೋಬೇಕು, ಒಳಗ ಎಳಿ ಇದ್ದದ್ದು. ಅದನ್ನ ಈ ಉಂಗುರದಾಗ ಕೂಡಿಸಿ ದೇವದುರ್ಗದ ಬಸ್ ಹತ್ತಬೇಕು. ಅದ ಗೇಟಿನಾಗ ನಿಂತು, ‘ಟೀಚರಮ್ಮ, ಈ ಸಲ ನಾ ಖರೇನ ನೋಡೀನಿ’ ಅಂತ ಹೇಳಬೇಕು.”