ಮೂರನೆಯ ಸಾಲಿನ ಉಸಿರು

ನಮ್ಮ ಮನೆ ಜೋರಾಪುರ ಪೇಟೆಯಲ್ಲಿ, ಶಾಲೆಯ ಕಂಪೌಂಡಿಗೆ ಬೆನ್ನು ಕೊಟ್ಟು ನಿಂತಿದೆ. ಅಡುಗೆಮನೆಯ ಕಿಟಕಿ ತೆಗೆದರೆ ಮೈದಾನ ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಆದರೆ ಮೈದಾನದ ಸದ್ದೆಲ್ಲ ಒಳಗೇ ಬರುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಬ್ಯಾಂಡಿನ ಮಕ್ಕಳು ಅಭ್ಯಾಸಕ್ಕೆ ನಿಲ್ಲುತ್ತಾರೆ. ಅವರು ನುಡಿಸುವುದು ನನ್ನ ಗಂಡ ಕಟ್ಟಿದ ಕವಾಯತಿನ ಟ್ಯೂನು. ಅವರು ಆ ಶಾಲೆಯ ಬ್ಯಾಂಡ್ ಮಾಸ್ತರರಾಗಿದ್ದರು. ಅವರು ತೀರಿಕೊಂಡಾಗ ಬ್ಯಾಂಡಿನಲ್ಲಿದ್ದ ಮಕ್ಕಳೆಲ್ಲ ಈಗ ಕಾಲೇಜು ಸೇರಿದ್ದಾರೆ. ಟ್ಯೂನು ಮಾತ್ರ ಅಲ್ಲೇ ಉಳಿದಿದೆ.

ಮೊದಲ ಸಾಲು ಬರುತ್ತದೆ, ಎರಡನೆಯದು ಬರುತ್ತದೆ. ಮೂರನೆಯ ಸಾಲು ಮೇಲೆ ಮೇಲೆ ಹತ್ತುತ್ತ ಹೋಗಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ, ಎಲ್ಲ ಮಕ್ಕಳೂ ಒಟ್ಟಿಗೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ. 'ಹ್ಹ' ಎಂಬ ಆ ಸದ್ದು ಗೋಡೆ ದಾಟಿ ನನ್ನ ಒಲೆಯ ಹತ್ತಿರಕ್ಕೆ ಬರುತ್ತದೆ. ಅದು ನನ್ನ ಗಂಡನ ಉಸಿರು. ಕೊನೆಯ ವರ್ಷ ಅವರ ಶ್ವಾಸಕೋಶ ಬಿಗಿದುಕೊಂಡಿತ್ತು. ಆದರೂ ಶಾಲೆಗೆ ಹೋಗುವುದು ಬಿಡಲಿಲ್ಲ. ಅವರು ಸ್ವರ ಬರೆದ ಹಾಳೆ ಕೊಟ್ಟು ಕಲಿಸಿದವರೇ ಅಲ್ಲ. ಕ್ಲಾರಿನೆಟ್ಟಿನಲ್ಲಿ ಒಂದು ಸಾಲು ಊದುವುದು, ಮಕ್ಕಳು ಅದನ್ನು ಹಾಗೇ ತಿರುಗಿ ಊದುವುದು. 'ಹಾಳಿ ಕೊಟ್ರ ಹಾಳಿ ನೋಡ್ತಾವ, ನನ್ನ ನೋಡೂದಿಲ್ಲ' ಅನ್ನುತ್ತಿದ್ದರು. ಮಕ್ಕಳು ಚೆನ್ನಾಗಿಯೇ ನೋಡಿದವು. ಗುರುಗಳು ದಮ್ಮು ಸಾಲದೆ ನಡುವೆ ನಿಂತದ್ದನ್ನೂ ಟ್ಯೂನು ಎಂದೇ ಕಲಿತವು, ಮುಂದಿನವರಿಗೂ ಹಾಗೇ ಕಲಿಸಿದವು.

ದೆವ್ವ ಭೂತ ನಂಬುವ ಪೈಕಿ ನಾನಲ್ಲ. ತಿಕೋಟಾದ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೆ ಕನ್ನಡ ಕಲಿಸಿದವಳು. ಹುಣಸೆಮರದ ಕೆಳಗೆ ಹೋಗಲು ಹೆದರುತ್ತಿದ್ದ ಹುಡುಗಿಯರನ್ನು ಗದರಿಸಿ ಕರೆದೊಯ್ದು ಅದೇ ಮರದ ಕೆಳಗೆ ಪಾಠ ಮಾಡಿದವಳು. ಅಂಥವಳು ಸಂಜೆಯಾದರೆ ಗ್ಯಾಸು ಸಣ್ಣಗೆ ಮಾಡಿ, ಸೌಟು ಹಿಡಿದು, ಆ ಮೂರನೆಯ ಸಾಲಿಗೆ ಕಾಯುತ್ತ ನಿಲ್ಲುತ್ತಿದ್ದೆ. ಉಸಿರು ಬಂದು ಹೋದ ಮೇಲೆಯೇ ಸಾರಿಗೆ ಉಪ್ಪು ಹಾಕುತ್ತಿದ್ದೆ. ಮಗಳು ಫೋನಿನಲ್ಲಿ, 'ಯವ್ವಾ, ನೀ ಮನಿ ಬದಲಿ ಮಾಡು' ಅಂದಳು. 'ಮನಿ ಏನ್ ಮಾಡೇತಿ ಪಾಪ?' ಎಂದು ಅವಳನ್ನೇ ಜಬರಿಸಿದೆ.

ಹೋದ ಆಗಸ್ಟಿನಲ್ಲಿ ಧ್ವಜ ಏರಿಸುವ ದಿನ ಶಾಲೆಯವರು ಕರೆದಿದ್ದರು, ಹೋದೆ. ಮೊದಲ ಸಲ ಆ ಸಾಲು ಊದುವುದನ್ನು ಕಣ್ಣಾರೆ ನೋಡಿದೆ. ಉಸಿರು ಎಳೆದುಕೊಳ್ಳುವಾಗ ಎಲ್ಲ ಮಕ್ಕಳೂ ಎಡಭುಜವನ್ನು ಒಂದಿಷ್ಟು ಮೇಲೆತ್ತಿದವು. ಕೊನೆಯ ವರ್ಷ ಅವರು ಎತ್ತುತ್ತಿದ್ದುದು ಹಾಗೆಯೇ. ಅವರನ್ನು ಒಂದು ದಿನವೂ ಕಂಡಿರದ ಮಕ್ಕಳು ಅವು. ಕೊಟ್ಟ ಲಾಡು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಮನೆಗೆ ಬಂದೆ.

ಅವರು ಬಬಲೇಶ್ವರದವರು. ನಮ್ಮ ಮಾವ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಊದಿ ಮಗನನ್ನು ಓದಿಸಿದರು. ಮಗ ಕಲಿತು ಮತ್ತೆ ಬ್ಯಾಂಡಿಗೇ ಬಂದ ಎಂದು ಅವರಿಗೆ ಸಿಟ್ಟೂ ಇತ್ತು, ಒಳಗೊಳಗೆ ಹಿಗ್ಗೂ ಇತ್ತು. ಶಾಲೆಯ ಕಪಾಟಿನಲ್ಲಿ ಹಳೆಯ ಮಿಲಿಟರಿ ಮಾರ್ಚುಗಳ ಪುಸ್ತಕವೊಂದಿತ್ತು. ಇವರು ಮಕ್ಕಳಿಗೆ ಅದರಲ್ಲಿನ ಒಂದೆರಡು ಕಲಿಸಿ, ಸಾಕು ಎಂದು ಮುಚ್ಚಿಟ್ಟರು. 'ಇವನ್ನ ಬರದಾವ್ರು ಹಿಮದಾಗ ನಡದಾವ್ರು. ನಾವು ಜ್ವಾಳದ ಹೊಲದಾಗ ನಡ್ಯಾವ್ರು. ನಮಗ ನಮ್ಮ ನಡಿಗಿ ಬೇಕು' ಅನ್ನುತ್ತಿದ್ದರು. ಆಮೇಲೆ ತಾವೇ ಮೂರು ಟ್ಯೂನು ಕಟ್ಟಿದರು. ಒಂದು ಅತಿಥಿಗಳು ಬರುವಾಗಿನದು, ಒಂದು ಬಹುಮಾನ ಕೊಡುವಾಗಿನದು. ಅವೆರಡನ್ನೂ ಯಾರು ಬೇಕಾದರೂ ಊದಬಹುದು. ಮೂರನೆಯದು ಈ ಕವಾಯತಿನ ಟ್ಯೂನು. ಅದರ ಡ್ರಮ್ಮಿನಲ್ಲಿ ಹಲಗೆಯ ಪೆಟ್ಟಿದೆ, ಕ್ಲಾರಿನೆಟ್ಟಿನಲ್ಲಿ ಮಾವನ ಮೆರವಣಿಗೆ ಇದೆ. ಬಬಲೇಶ್ವರದ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಬಡಿಯುತ್ತ ಅದನ್ನು ಕಟ್ಟಿದರು. ಮುಂದೆ ಕೂತವರು ಬೈದದ್ದೂ ನೆನಪಿದೆ.

ಆಗ ನಮ್ಮ ಮದುವೆಯಾದ ಹೊಸತು. ಮೊದಲು ಕೇಳಿದವಳು ನಾನೇ. ಆ ಉದ್ದನೆಯ ಮೂರನೆಯ ಸಾಲನ್ನು ಒಂದೇ ಉಸಿರಿನಲ್ಲಿ ಊದಿ, ತುದಿ ಮುಟ್ಟಿ, ಹುಬ್ಬು ಹಾರಿಸಿ ನನ್ನ ಕಡೆ ನೋಡಿದರು. 'ಇಷ್ಟುದ್ದ ಯಾಕ್ರಿ? ಮಕ್ಕಳಿಗೆ ದಮ್ಮು ಹತ್ತೂದಿಲ್ಲೇನು?' ಎಂದು ಕೇಳಿದೆ. 'ಹತ್ತಲಿ. ನಮ್ಮಪ್ಪನ ಮುಂದ ಮದುವಿ ಮಂದಿ ಕುಣದು ಕುಣದು ಕುಂಡ್ರತಿದ್ರು, ನಮ್ಮಪ್ಪ ಊದೂದು ನಿಲ್ಲಸ್ತಿರಲಿಲ್ಲ' ಅಂದರು. ಜಂಬದ ಸಾಲು ಅದು. ಇಪ್ಪತ್ತೆಂಟರ ಗಂಡಸು ಹೆಂಡತಿಯ ಮುಂದೆ ಎದೆ ಉಬ್ಬಿಸಿ ತೋರಿಸಿದ ಸಾಲು. ನನಗೆ ಬಹಳ ಸೇರಿತ್ತು ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ದಿನಾ ಊದುತ್ತಿದ್ದರು.

ಈ ಜೂನಿನಲ್ಲಿ ಶಾಲೆಗೆ ಹೊಸ ಸಂಗೀತ ಟೀಚರ್ ಬಂದಳು. ಧಾರವಾಡದಲ್ಲಿ ಕಲಿತ ಚುರುಕು ಹುಡುಗಿ. ಒಂದು ಮಧ್ಯಾಹ್ನ ಮನೆಗೆ ಬಂದು, ಚಹಾ ಬೇಡ ಎಂದು ಎರಡು ಸಲ ಹೇಳಿ ಎರಡು ಕಪ್ಪು ಕುಡಿದು, ವಿಷಯಕ್ಕೆ ಬಂದಳು.

'ಸರ್ ಟ್ಯೂನ್ ಯಾವ ಹಾಳ್ಯಾಗೂ ಇಲ್ರಿ. ನಾ ಬರದಿಡಾಕತ್ತೇನಿ. ಮ್ಯಾಲೆ ಅವರ ಹೆಸರು ಹಾಕಿ ಬ್ಯಾರೆ ಸ್ಕೂಲಿಗೂ ಕಳಸೋಣಂತ. ಆದ್ರ ಮೂರನೇ ಸಾಲು ನಡುವ ಒಡದು ನಿಲ್ಲತೈತಲ್ರಿ, ಸರ್ ಹಂಗ ಕಟ್ಟಿದ್ರೇನು?'

'ಇಲ್ಲ' ಅಂದೆ. 'ಒಂದ ಉಸರಿನ ಸಾಲು ಅದು. ನಡುವ ನಿಲ್ಲೂದು ಅವರ ಬ್ಯಾನಿ.'

ಈಗ ಏನು ಬರೆದಿಡುತ್ತೇವೋ ಮುಂದೆ ಉಳಿಯುವುದು ಅದೇ ಎಂದಳು. ನನಗೆ ಅದು ಸರಿಯಾಗಿ ನಾಟಿತು. ಹಾಳೆಯ ಮೇಲೆ ಉಳಿಯಬೇಕಾದವರು ಹುಬ್ಬು ಹಾರಿಸಿದ ಆ ಮನುಷ್ಯ, ಕೊನೆಯ ವರ್ಷ ದಿಂಬಿಗೆ ಒರಗಿ ಕೂತಿದ್ದ ರೋಗಿ ಅಲ್ಲ. ಜತೆಗೆ, ಹೇಳಿಯೇಬಿಡುತ್ತೇನೆ, ಆ 'ಹ್ಹ' ನನಗೆ ಸಾಕಾಗಿತ್ತು. ಸಂಜೆಯನ್ನು ಸಂಜೆಯ ಹಾಗೆ ಕಳೆಯಬೇಕೆನಿಸಿತ್ತು. ಶಾಲೆಗೆ ಬಂದು ಮಕ್ಕಳಿಗೆ ನಾನೇ ಹಾಡಿ ತೋರಿಸುತ್ತೇನೆ ಎಂದು ಒಪ್ಪಿಕೊಂಡೆ. ಟೀಚರಿಗೆ ಇನ್ನೊಂದು ಸಾಕ್ಷಿ ಬೇಕಿತ್ತು. ಅವರು ಕಾಯಿಲೆ ಬೀಳುವ ಮೊದಲು ಕಲಿತವರು ಯಾರಾದರೂ ಇದ್ದಾರೆಯೇ ಎಂದಳು. ಸೊಲ್ಲಾಪುರ ರಸ್ತೆಯಲ್ಲಿ ಒಬ್ಬನಿದ್ದಾನೆ ಎಂದು ಅವಳ ಸ್ಕೂಟಿಯ ಹಿಂದೆ ಕೂತೆ.

ಟ್ರ್ಯಾಕ್ಟರ್ ಗ್ಯಾರೇಜುಗಳ ನಡುವೆ ಅವನದೊಂದು ಮದುವೆ ಬ್ಯಾಂಡಿನ ಅಂಗಡಿ. ಅವನೂ ನಮ್ಮ ಮಗಳೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಬರೆದವರು. ಈಗ ಮಗಳ ಕೂಸು ಅಂಗನವಾಡಿಗೆ ಹೋಗುತ್ತದೆ. ನನ್ನನ್ನು ಕಂಡದ್ದೇ ಅವನು ಕುರ್ಚಿ ಒರೆಸಿದ, 'ಬರ್ರಿ ಅಕ್ಕೋರ, ಕುಂಡ್ರಿ' ಅಂದ. ಸರ್ ಟ್ಯೂನು ಊದಿ ತೋರಿಸು ಎಂದದ್ದಕ್ಕೆ ಅವನಿಗೆ ಖುಷಿಯೋ ಖುಷಿ. ಕ್ಲಾರಿನೆಟ್ ತೆಗೆದು ಕಣ್ಣು ಮುಚ್ಚಿದ. ಮೊದಲ ಸಾಲು, ಎರಡನೆಯದು, ಮೂರನೆಯದು ಹತ್ತಿತು, ಹತ್ತಿತು, ನಿಂತಿತು. ಎಡಭುಜ ಮೇಲೆ ಬಂತು. ಉಸಿರೆಳೆದುಕೊಂಡು ಮುಗಿಸಿದ.

'ನಡುವ ಯಾಕ ನಿಂತಿ?' ಎಂದು ಕೇಳಿದೆ.

'ಸರ್ ಹಂಗ ಊದತಿದ್ರಲ್ರಿ.'

'ಯಾವಾಗ?'

'ನಾ ಕಲಿಯೂಮುಂದ್ರಿ. ಒಂಬತ್ತನೇ ಕ್ಲಾಸಿನ್ಯಾಗ.'

ಅವರ ಕೊನೆಯ ವರ್ಷಕ್ಕಿಂತ ಎಷ್ಟೋ ಮೊದಲಿನ ಮಾತು ಅದು. ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡತೊಡಗಿದ. ನಾನು ಬಿಡುವವಳಲ್ಲ. ಮೂವತ್ತು ವರ್ಷ ಹೈಸ್ಕೂಲಿನ ಹುಡುಗರ ಬಾಯಿ ಬಿಡಿಸಿದವಳು. 'ಲೇ, ಮಾರಿ ಮ್ಯಾಲೆತ್ತಿ ಹೇಳು' ಅಂದೆ.

'ಸರ್ ಹೇಳಬ್ಯಾಡ ಅಂದಿದ್ರು ಅಕ್ಕೋರ. ಸೊಲ್ಲಾಪುರಕ್ಕ ಕ್ಲಾರಿನೆಟ್ಟಿನ ರೀಡು ತರಾಕ ಹೋಗತಿದ್ರಲ್ರಿ, ನಾ ದೊಡ್ಡಾವಾದ ಮ್ಯಾಲೆ ಬ್ಯಾಂಡಿನ ಟೆಂಪೋದಾಗ ನಾನ ಕರಕೊಂಡು ಹೋಗತಿದ್ದೆ. ಡಾಕ್ಟರ್ ಕಡೆ ತೋರಸತಿದ್ರು. ಊದೂದು ಬಿಡ್ರಿ ಅಂತ ಡಾಕ್ಟರ್ ಪ್ರತಿ ಸಲ ಅಂತಿದ್ರು. ಮನಿಯಾಗ ಹೇಳ್ರಿ ಸರ್ ಅಂತ ನಾನೂ ಅಂದೇನ್ರಿ. ಆಕಿಗೆ ಗೊತ್ತಾದ್ರ ಕ್ಲಾರಿನೆಟ್ ಒಲಿಗೆ ಹಾಕ್ತಾಳ ಅಂತ ನಗತಿದ್ರು.'

ಹಾಕುತ್ತಿದ್ದೆ. ಅದರಲ್ಲಿ ಸಂಶಯವೇ ಇಲ್ಲ.

ನೌಕರಿಯ ದಿನಗಳಲ್ಲಿ ನಾನು ತಿಕೋಟಾದಿಂದ ಮನೆ ಸೇರುವ ಹೊತ್ತಿಗೆ ಬ್ಯಾಂಡಿನ ಅಭ್ಯಾಸ ಮುಗಿದಿರುತ್ತಿತ್ತು. ಕೊನೆಯ ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎಷ್ಟು ದಿನದಿಂದ ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ಇವರು, 'ಈ ಚಳಿಗಾಲದಿಂದ್ರಿ' ಅಂದಿದ್ದರು. ನಾನೂ ಹೌದೆಂದು ತಲೆ ಆಡಿಸಿದ್ದೆ. ಅವರು ಸೊಲ್ಲಾಪುರದಿಂದ ತರುತ್ತಿದ್ದ ಶೇಂಗಾ ಚಟ್ನಿಯನ್ನು ಬೀದಿಗೆಲ್ಲ ಹಂಚಿ ಹೊಗಳಿಸಿಕೊಂಡಿದ್ದೆ. ನನ್ನ ಕಣ್ಣಿಗೆ ಹೀಗೆ ಮಣ್ಣೆರಚಿದ ಮನುಷ್ಯ ಇನ್ನೊಬ್ಬನಿಲ್ಲ.

ಅವತ್ತಿನಿಂದ ಮನೆಯಲ್ಲಿ ಇರಲಾಗಲಿಲ್ಲ. ಮೊದಲು ಸಂಜೆ ಒಂದು ಗಳಿಗೆ ಕಾಡುತ್ತಿದ್ದದ್ದು ಈಗ ಇಡೀ ದಿನ ಹರಡಿಕೊಂಡಿತು. ಬದುಕಿದ್ದಾಗ ಮಾಳಿಗೆಯ ಮೆಟ್ಟಿಲಿನ ತಿರುವಿನಲ್ಲಿ ಅವರು ನಿಂತು ಎದುರು ಮನೆಯ ಪಾರಿವಾಳ ನೋಡುತ್ತಿದ್ದರು. ಪಾರಿವಾಳದ ಹುಚ್ಚು ಎಂದುಕೊಂಡಿದ್ದೆ. ಬಬಲೇಶ್ವರದ ಬಸ್‌ಸ್ಟ್ಯಾಂಡಿನಿಂದ ಮಾವನ ಮನೆಗೆ ಹೋಗುವಾಗ ಕಂಡಕಂಡವರನ್ನೆಲ್ಲ ನಿಂತು ಮಾತಾಡಿಸುತ್ತಿದ್ದರು. ಬಿಸಿಲಲ್ಲಿ ಚೀಲ ಹೊತ್ತು ನಿಂತು, ಇವರಿಗೇನು ಎಲೆಕ್ಷನ್ನಿಗೆ ನಿಲ್ಲುವುದಿದೆಯೇ ಎಂದು ರೇಗುತ್ತಿದ್ದೆ. ಬೀಗರು ಬಂದಾಗ ಗೋಳಗುಮ್ಮಟ ತೋರಿಸಲು ನಾನೇ ಮೇಲೆ ಹತ್ತಬೇಕು. ಇವರು ಚಪ್ಪಲಿ ಕಾಯುತ್ತೇನೆ ಎಂದು ಕೆಳಗೇ ಕೂರುತ್ತಿದ್ದರು. ಮೈಗಳ್ಳ ಎಂದು ಬೀಗರೆದುರೇ ಹಾಸ್ಯ ಮಾಡಿದ್ದೇನೆ. ಎಲ್ಲರೂ ನಕ್ಕಾಗ ಅವರೂ ಜೋರಾಗಿ ನಕ್ಕಿದ್ದರು. ಆ ನಗೆ ಮುಗಿಸಲಿಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೋ ಏನೋ. ಸತ್ತವರು ನಡೆದಾಡುತ್ತಾರೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನ್ನ ಮನೆಯಲ್ಲಿ ಅವರು ನಿಲ್ಲುತ್ತಿದ್ದರು. ಮೆಟ್ಟಿಲಲ್ಲಿ, ನೀರಿನ ಕೊಡದ ಹತ್ತಿರ, ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು. ಆ ಜಾಗಗಳನ್ನು ದಾಟುವಾಗ ನಾನು ಸೆರಗು ಎಳೆದುಕೊಂಡು ಬದಿಗೆ ಸರಿದು ಹೋಗುತ್ತಿದ್ದೆ.

ದುಃಖ ಅಂದುಕೊಳ್ಳಬೇಡಿ, ಸಿಟ್ಟು. ಫೋಟೊದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. 'ಅಷ್ಟು ವರ್ಷ ಮಗ್ಗಲಿಗೆ ಮಲಗಿದಾಕಿ ನಾನು. ಟೆಂಪೋ ಹೊಡಿಯಾವಗ ಗೊತ್ತು, ನನಗ ಗೊತ್ತಿಲ್ಲಂದ್ರ ಏನು?' ಎಂದು ಕೇಳಿದೆ. ಆ ಸಾಲನ್ನು ನಡುವೆ ಒಡೆಯದೆ ಇಡಿಯಾಗಿ ಬರೆಸಿಯೇ ತೀರುತ್ತೇನೆ ಎಂದು ಹಟ ಬಂತು. ಆ ಉಸಿರು ಈಗ ನನಗೆ ಬರೀ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಇಡೀ ಶಾಲೆ ನನ್ನ ಕಿವಿಯ ಹತ್ತಿರ ದಿನಾ ಆ ಸುಳ್ಳನ್ನು ಊದುವುದು ಇನ್ನು ಬೇಡ.

ಸೋಮವಾರ ಶಾಲೆಗೆ ಹೋದೆ. ಸಂಗೀತದ ಕೋಣೆಯಲ್ಲಿ ಮಕ್ಕಳು ವಾದ್ಯ ಹಿಡಿದು ಕೂತಿದ್ದವು. ಟೀಚರ್ ಹಾಳೆ, ಪೆನ್ಸಿಲ್ ಹಿಡಿದು ಸಿದ್ಧವಾಗಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಹಾಡಿದೆ. ಈ ವಯಸ್ಸಿನಲ್ಲಿ ಎಲ್ಲಿಂದ ಬಂತೋ, ಮೂರನೆಯ ಸಾಲು ಒಂದೇ ಉಸಿರಿನಲ್ಲಿ ತುದಿ ಮುಟ್ಟಿತು. ಮಕ್ಕಳು ಚಪ್ಪಾಳೆ ತಟ್ಟಿದವು. 'ಹಿಂಗ ಊದಬೇಕು. ನಡುವ ನಿಲ್ಲಂಗಿಲ್ಲ, ಭುಜ ಎತ್ತಂಗಿಲ್ಲ' ಎಂದು ತಿಕೋಟಾದಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ.

ಮೊದಲ ಸಲ ರೂಢಿಯಂತೆ ಎಲ್ಲ ನಿಂತುಬಿಟ್ಟವು. ಗದರಿದೆ. ಎರಡನೆಯ ಸಲ ಅರ್ಧ ಮಕ್ಕಳು ನಿಂತವು. ಮತ್ತೆ ಗದರಿದೆ. ಆಮೇಲೆ ಬಂತು ನೋಡಿ. ಸಾಲು ಎಲ್ಲೂ ಒಡೆಯದೆ ಮೇಲೇರಿತು, ಹೊಸ ಮದುವೆಯ ದಿನಗಳಲ್ಲಿ ಕೇಳಿದ ಹಾಗೇ ತುದಿ ಮುಟ್ಟಿತು. ಟೀಚರ್ ನನ್ನ ಕಡೆ ನೋಡಿ ನಕ್ಕಳು.

ಆದರೆ ಎಲ್ಲರ ಮುಂದೆ ಒಬ್ಬ ಸಣ್ಣ ಹುಡುಗಿ ಕೂತಿದ್ದಳು. ಈ ವರ್ಷವೇ ಸೇರಿದವಳು, ಕ್ಲಾರಿನೆಟ್ ಅವಳಿಗಿಂತ ಭಾರ. ಅವಳ ಬೆರಳು ಸರಿಯಾಗಿ ಆಡುತ್ತಿದ್ದವು, ಕೆನ್ನೆ ಉಬ್ಬಿತ್ತು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಅವಳ ಕ್ಲಾರಿನೆಟ್ಟಿನಿಂದ ಸದ್ದೇ ಬರುತ್ತಿರಲಿಲ್ಲ. ಸಾಲಿನ ನಡುವೆ ದಮ್ಮು ಮುಗಿದಿತ್ತು. ನಿಂತರೆ ಗೊತ್ತಾಗುತ್ತದೆ ಎಂದು ಬರೀ ಬೆರಳು ಆಡಿಸುತ್ತಿದ್ದಳು. ಎಡಭುಜ ಮೇಲೆ ಬರಲು ನೋಡುತ್ತಿತ್ತು, ಅವಳು ಅದನ್ನು ಕೆಳಗೆ ಒತ್ತಿ ಹಿಡಿದಿದ್ದಳು. ಕಣ್ಣು ನನ್ನ ಮೇಲೆಯೇ ಇತ್ತು, ಹೆದರಿದ ಕಣ್ಣು.

'ಏನಾತವ್ವಾ?' ಎಂದೆ.

'ಏನೂ ಆಗಿಲ್ರಿ ಟೀಚರ್' ಅಂದಳು. ಅವಳ ತುಟಿ ಬಿಳಿಚಿತ್ತು. 'ನನಗೇನಾಗೇತ್ರಿ? ಏನೂ ಆಗಿಲ್ರಿ.'

ಅವಳ ಮುಂದೆ ನೆಲದ ಮೇಲೆಯೇ ಕೂತೆ, ಮೊಣಕಾಲು ನೋವು ಯಾರಿಗೆ ನೆನಪು. ಆ ಒತ್ತಿ ಹಿಡಿದ ಭುಜದ ಮೇಲೆ ಕೈ ಇಟ್ಟೆ.

'ಉಸರು ತಗೋ ನನ್ನವ್ವಾ' ಅಂದೆ. 'ಸಾಲಿನ ನಡುವನ ತಗೋ. ಮುಚ್ಚಿಡಬ್ಯಾಡ. ನಾ ಬೈಯೂದಿಲ್ಲ.'

ಹುಡುಗಿ ಭುಜ ಎತ್ತಿ, ಕೋಣೆಗೆಲ್ಲ ಕೇಳುವಂತೆ ಉಸಿರೆಳೆದುಕೊಂಡಳು. ಅಲ್ಲೇ ಬರಕೊಳ್ರಿ, ಅಲ್ಲೇ ಉಸಿರಿನ ಗುರುತು ಹಾಕ್ರಿ ಎಂದು ಟೀಚರಿಗೆ ಹೇಳಿದೆ. ಅವಳು ಬರೆದುಕೊಂಡಳು. 'ನಾ ಬೈಯೂದಿಲ್ಲ' ಅನ್ನುವ ಅಷ್ಟೇ ಅಷ್ಟು ಮಾತನ್ನು ನಮ್ಮ ಸಂಸಾರದಲ್ಲಿ ನಾನು ಒಂದು ಸಲವಾದರೂ ಆಡಿದ್ದರೆ, ಅವರು ಆ ಉಸಿರನ್ನು ನನ್ನೆದುರು ಕೂತು ಎಳೆದುಕೊಳ್ಳುತ್ತಿದ್ದರು.